ದೋಣಿಯ ಮಿಸ್ ಕಾಲ್ ಮತ್ತು ಎಂಟು ಡಿಗ್ರಿ

ಹಸಿರು ಬಣ್ಣದ ಮೇಲೆ ನನಗೆ ಯಾವ ದ್ವೇಷವೂ ಇರಲಿಲ್ಲ. ಈಗ ಕಂಪ್ಯೂಟರಿನ ಮೇಲೆ ಹಸಿರು ಚೌಕಗಳು ಸಾಲಾಗಿ ಕಂಡರೆ ಬಾಯಿಗೆ ಕಹಿ ನೀರು ಬರುತ್ತದೆ. ನಮ್ಮ ಕಂಪನಿಯಲ್ಲಿ ಟವರ್ ಚೆನ್ನಾಗಿ ನಡೆಯುತ್ತಿದೆ ಎಂದು ತೋರಿಸುವ ಬಣ್ಣ ಅದು. ಆ ಬಣ್ಣ ಬರಿಸಲು ನನ್ನ ಕೈಯಿಂದಲೇ ಆದ ಒಂದು ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ.

ಭಟ್ಕಳದಿಂದ ಕುಮಟೆಯವರೆಗಿನ ಮೊಬೈಲ್ ಟವರುಗಳ ಉಸ್ತುವಾರಿ ನನ್ನದು. ದೀಪಾವಳಿ ಕಳೆದು ಕಡಲು ಶಾಂತವಾಗಿದ್ದ ದಿನಗಳು. ಒಂದು ಸೋಮವಾರ ಬೆಳಿಗ್ಗೆ ಹೊಳನಗದ್ದೆಯ ಮನೆಯಲ್ಲಿ ದೋಸೆ ತಿನ್ನುತ್ತಿದ್ದಾಗ ಹುಬ್ಬಳ್ಳಿ ಕಚೇರಿಯಿಂದ ಆದೇಶ ಬಂತು. ಮಾವಳ್ಳಿ ಬದಿಯ ಗುಡ್ಡದ ಟವರಿನಲ್ಲಿ ಕಡಲ ಕಡೆಯ ಆಂಟೆನಾವನ್ನು ಎರಡು ಡಿಗ್ರಿಯಿಂದ ಎಂಟು ಡಿಗ್ರಿಗೆ ಬಗ್ಗಿಸಬೇಕು, ಸಂಜೆಯೊಳಗೆ ಫೋಟೋ ಕಳಿಸಬೇಕು.

ಒಂದು ಟವರಿನಲ್ಲಿ ಸಾಮಾನ್ಯವಾಗಿ ಮೂರು ದಿಕ್ಕಿಗೆ ಮೂರು ಆಂಟೆನಾ ಇರುತ್ತವೆ. ಒಂದೊಂದೂ ತನ್ನ ಪಾಲಿನ ಪ್ರದೇಶಕ್ಕೆ ಸಿಗ್ನಲ್ ಚೆಲ್ಲುತ್ತದೆ, ಅಲ್ಲಿನ ಫೋನುಗಳ ಸಣ್ಣ ದನಿಯನ್ನು ಕೇಳಿಸಿಕೊಳ್ಳುತ್ತದೆ. ಟಾರ್ಚನ್ನು ನೆಟ್ಟಗೆ ಹಿಡಿದರೆ ಬೆಳಕು ದೂರ ಹೋಗುತ್ತದೆ, ಬಗ್ಗಿಸಿದರೆ ಕಾಲ ಬುಡದಲ್ಲೇ ಬೀಳುತ್ತದೆ. ಇದೂ ಅಷ್ಟೇ. ಎರಡು ಡಿಗ್ರಿಯಲ್ಲಿದ್ದಾಗ ನಮ್ಮ ಆಂಟೆನಾ ತಡೆಯಿಲ್ಲದ ನೀರಿನ ಮೇಲೆ ಹತ್ತು ಹನ್ನೆರಡು ಕಿಲೋಮೀಟರ್ ದಾಟಿ ಹೋಗುತ್ತಿತ್ತು. ಹಾಗೆ ಹೋಗುತ್ತಾ ಅದರ ಒಂದು ಬದಿ ಉತ್ತರಕ್ಕೆ ಹೊನ್ನಾವರ ಕಡೆಯ ದಂಡೆಯನ್ನೂ ಮುಟ್ಟುತ್ತಿತ್ತು. ಅಲ್ಲಿ ನಿಂತವನ ಫೋನು ಪಕ್ಕದ ಟವರನ್ನು ಬಿಟ್ಟು ನಮ್ಮ ದೂರದ ಟವರಿಗೆ ಅಂಟಿಕೊಳ್ಳುತ್ತಿತ್ತು, ಎರಡು ಹೆಜ್ಜೆ ನಡೆದರೆ ಕರೆ ಕಡಿದು ಹೋಗುತ್ತಿತ್ತು. ಕಡಿದ ಕರೆಗಳು ಹೆಚ್ಚಿದ್ದರಿಂದ ನಮ್ಮ ಚೌಕ ಕೆಂಪಾಗಿತ್ತು. ಬಗ್ಗಿಸಿ ಎಂದದ್ದು ಅದಕ್ಕೆ. ಕಾರಣ ಸುಳ್ಳಲ್ಲ, ಅದನ್ನು ಒಪ್ಪಬೇಕು.

ಹೊಸ ಆಂಟೆನಾಗಳನ್ನು ಕಚೇರಿಯಲ್ಲಿ ಕೂತೇ ಬಗ್ಗಿಸಬಹುದು. ಇದು ಹಳೆಯದು, ಸ್ಪ್ಯಾನರ್ ಹಿಡಿದು ಹತ್ತಬೇಕು. ಹತ್ತುವ ಕೆಲಸಕ್ಕೆ ನನ್ನ ಜೊತೆ ಇರುವವರು ಭಟ್ಕಳದ ರಿಗ್ಗರ್. ನನಗಿಂತ ದೊಡ್ಡವರು, ಇಪ್ಪತ್ತು ವರ್ಷದಿಂದ ಟವರ್ ಹತ್ತುತ್ತಿದ್ದಾರೆ. ನಾನು ಭಾಯ್ ಎನ್ನುತ್ತೇನೆ, ಅವರೂ ನನಗೆ ಭಾಯ್ ಎನ್ನುತ್ತಾರೆ. ಅವರು ಮೇಲೆ ಹೋಗಿ ಬೆಲ್ಟು ಕಟ್ಟಿಕೊಂಡು, ಬ್ರಾಕೆಟ್ಟಿನ ಬೋಲ್ಟು ಸಡಿಲಿಸಿ, ಕೋನ ಅಳೆಯುವ ಮೀಟರನ್ನು ಆಂಟೆನಾದ ಬೆನ್ನಿಗೆ ಇಟ್ಟು ಎಂಟಕ್ಕೆ ತಂದು ಬಿಗಿದರು. ಇಳಿದು ಬಂದು ಬೆವರು ಒರೆಸುತ್ತಾ ಕೇಳಿದರು.

"ಭಾಯ್, ಮೇಲಿಂದ ನೋಡಿದ್ರೆ ದೋಣಿ ಕಾಣ್ತವೆ. ಅವ್ರಿಗೆ ಎಂತ ತೊಂದ್ರೆ ಇಲ್ವಲ್ಲಾ?"

"ಆಫೀಸಿನವರು ನೋಡೇ ಹೇಳಿರ್ತಾರೆ" ಎಂದೆ.

ಫಾರಂ ತುಂಬಿದೆ. ಅದರ ಕೊನೆಯಲ್ಲಿ ಒಂದು ಪ್ರಶ್ನೆ ಇದೆ, 'ಸ್ಥಳೀಯ ಬಳಕೆದಾರರನ್ನು ವಿಚಾರಿಸಲಾಗಿದೆಯೇ?' ಎಂದು. ನಾನು ಹೌದು ಎಂಬಲ್ಲಿ ಗುರುತು ಹಾಕಿದೆ. ಯಾರನ್ನೂ ವಿಚಾರಿಸಿರಲಿಲ್ಲ. ನಾವು ಯಾರೂ ಎಂದೂ ವಿಚಾರಿಸುವುದಿಲ್ಲ. ಇಲ್ಲ ಎಂದು ಹಾಕಿದರೆ ಫಾರಂ ಮುಂದಕ್ಕೆ ಹೋಗುವುದೇ ಇಲ್ಲ.

ಮೂರು ದಿನದಲ್ಲಿ ಚೌಕ ಹಸಿರಾಯಿತು. ಹುಬ್ಬಳ್ಳಿಯ ಇಂಜಿನಿಯರ್ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದರು. ನಾನೂ ಒಂದು ಹಾಕಿದೆ.

ಶುಕ್ರವಾರ ಅದೇ ಟವರಿನ ಬ್ಯಾಟರಿ ಕೋಣೆಯಲ್ಲಿ ಎ.ಸಿ. ಕೆಟ್ಟಿತು. ಹೋಗಿ ನೋಡಿದರೆ ಇಲಿ ಒಳನುಗ್ಗಿ ವೈರು ಕಡಿದು ಅಲ್ಲೇ ಸತ್ತಿತ್ತು. ಮೂಗಿಗೆ ಟವೆಲು ಕಟ್ಟಿಕೊಂಡು ಅದನ್ನು ಕೋಲಿನಲ್ಲಿ ಹೊರಗೆ ಎಸೆಯುವಾಗ ಗೇಟಿನ ಬಳಿ ಒಬ್ಬ ಹೆಂಗಸು ನಿಂತಿದ್ದರು. ನಲವತ್ತೈದರ ಆಸುಪಾಸು, ತಲೆಗೆ ಸಿಂಬೆ, ಕೈಯಲ್ಲಿ ಖಾಲಿ ಬುಟ್ಟಿ. ಕಾಯ್ಕಿಣಿ, ಮಾವಳ್ಳಿ ಕಡೆ ಮನೆ ಮನೆಗೆ ಮೀನು ಮಾರುವವರು. ಅವರ ಗಂಡ ಮತ್ತು ಮೈದುನ ಸಣ್ಣ ಇಂಜಿನ್ ದೋಣಿಯಲ್ಲಿ ಬೆಳಗಿನ ಜಾವ ಹೋಗಿ ಹನ್ನೊಂದರೊಳಗೆ ಮರಳುತ್ತಾರೆ. ದಂಡೆಯ ಮೇಲಿನ ವ್ಯವಹಾರವೆಲ್ಲ ಈ ಅಕ್ಕನದು.

"ತಮ್ಮಾ, ಟವರಿಗೆ ಎಂತ ಮಾಡೀರಿ? ಸೋಮವಾರದಿಂದ ದೋಣಿ ಮಿಸ್ ಕಾಲ್ ಬತ್ತಾ ಇಲ್ಲ."

"ಮಿಸ್ ಕಾಲ್ ಬರ್ದಿದ್ರೆ ಎಂತಾತು ಅಕ್ಕಾ? ಮಾತಾಡೂಕೆ ಹೇಳಿ."

ಅವರು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದರು. "ಇಂಜಿನ್ ಗಡಗಡ ಹೇಳ್ತಾ ಇರ್ತದೆ. ಅದರ ಮಧ್ಯ ಎಂತ ಮಾತು ಕೇಳ್ತದೆ? ಒಂದ್ಸಲ ಹೊಡೆದ್ರೆ ತಿರುಗಿದ್ರು ಹೇಳಿ ಲೆಕ್ಕ. ಎರಡು ಹೊಡೆದ್ರೆ ಮೀನು ಜೋರು ಅದೆ, ಐಸು, ಟೆಂಪೋ ತರ್ಸಿ ಇಡು ಹೇಳಿ. ಮೂರು ಹೊಡೆದ್ರೆ ಎಂತದೋ ಆಪತ್ತು, ಬೇರೆ ದೋಣಿ ಕಳ್ಸು. ನಮ್ ದಂಡೆಯಲ್ಲಿ ಎಲ್ಲರದ್ದೂ ಹಿಂಗೇ."

ಈ ಪದ್ಧತಿ ನನಗೆ ಗೊತ್ತೇ ಇರಲಿಲ್ಲ. ಗದ್ದೆ ಮಾಡುವ ಮನೆಯವನು ನಾನು. ಕಡಲ ಬದಿಯಲ್ಲೇ ಹುಟ್ಟಿದ್ದರೂ ಕಡಲವರ ಸಂಗತಿ ಮೀನು ಕೊಳ್ಳುವಷ್ಟೇ ಗೊತ್ತು. ಗೊತ್ತಾದ ಮೇಲಾದರೂ ಬುದ್ಧಿ ಬರಬೇಕಿತ್ತಲ್ಲ? ಸತ್ತ ಇಲಿಯ ವಾಸನೆಯಲ್ಲಿ ಬೇಗ ಮನೆಗೆ ಹೋದರೆ ಸಾಕಾಗಿತ್ತು. ಫೋನಿನ ಸೆಟ್ಟು ಹಳೆಯದಾಗಿರಬೇಕು, ನೋಡುತ್ತೇವೆ ಎಂದೆ. ಸಂಜೆ ದೂರಿನ ಪಟ್ಟಿಯಲ್ಲಿ ಅವರ ನಂಬರಿನ ಮುಂದೆ 'ಹ್ಯಾಂಡ್‌ಸೆಟ್ ದೋಷ' ಎಂದು ಬರೆದು ದೂರು ಮುಗಿಸಿದೆ.

ಅದಕ್ಕೂ ಮೊದಲು, ಮನೆಗೆ ಹೋಗುವ ದಾರಿಯಲ್ಲಿ ದಂಡೆಗೆ ಇಳಿದಿದ್ದೆ. ಆ ದಿನ ದೋಣಿಗಳಿಗೆ ಬಂಗಡೆ ರಾಶಿ ಬಿದ್ದಿತ್ತು. ಮುಂಚಿತವಾಗಿ ಸುದ್ದಿ ಬಾರದೆ ಐಸೂ ಬಂದಿರಲಿಲ್ಲ, ಟೆಂಪೋನೂ ಬಂದಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಮೀನಿನ ಹೊಟ್ಟೆಗಳು ಒಡೆದು ಕೆಂಪು ನೀರು ಮರಳಿಗೆ ಇಳಿಯುತ್ತಿತ್ತು, ನೊಣಗಳ ಗುಂಯ್ ಎಂಬ ಸದ್ದು ರಸ್ತೆಗೇ ಕೇಳುತ್ತಿತ್ತು. ನಾಲ್ಕು ಹೆಂಗಸರು ಅದನ್ನು ಗೊಬ್ಬರಕ್ಕೆಂದು ಗುದ್ದಲಿಯಲ್ಲಿ ಎಳೆಯುತ್ತಿದ್ದರು. ನಾನು ಮೂಗು ಮುಚ್ಚಿಕೊಂಡು ಬೈಕು ತಿರುಗಿಸಿದೆ. ಆ ವಾಸನೆಗೆ ಕಾರಣ ನನ್ನ ಎಂಟು ಡಿಗ್ರಿ ಎಂದು ಒಳಗೆ ಗೊತ್ತಿತ್ತು. ಗೊತ್ತಿದ್ದೇ ಮೂಗು ಮುಚ್ಚಿಕೊಂಡೆ, ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಮತ್ತೊಂದು ವಾರವಾಯಿತು. ಆ ಅಕ್ಕನ ಗಂಡನ ದೋಣಿ ಬಲೆ ಎಳೆದು ಮರಳುವಾಗ ಇಂಜಿನ್ ನಿಂತಿತು. ಎಳೆಯುವ ಹಗ್ಗದ ಸ್ಪ್ರಿಂಗು ಮುರಿದಿತ್ತು. ಹಾಗಾದಾಗ ಮೇಲಿನ ಮುಚ್ಚಳ ತೆಗೆದು, ತಿರುಗುವ ಚಕ್ರಕ್ಕೆ ಕೈಯಿಂದಲೇ ಹಗ್ಗ ಸುತ್ತಿ ಎಳೆಯುತ್ತಾರೆ. ಇಂಜಿನ್ ಒಮ್ಮೆ ಹಿಂದಕ್ಕೆ ಒದ್ದು, ಹಗ್ಗದ ಕುಣಿಕೆಯಲ್ಲಿ ಗಂಡನ ಬಲಗೈಯ ಎರಡು ಬೆರಳು ಸಿಕ್ಕಿಕೊಂಡವು. ಮೈದುನ ಪ್ಲಾಸ್ಟಿಕ್ ಚೀಲದಲ್ಲಿದ್ದ ಫೋನಿನಿಂದ ಹೊಡೆದ, ಮತ್ತೆ ಹೊಡೆದ, ಮತ್ತೆ ಹೊಡೆದ. ಒಂದೂ ದಂಡೆ ಮುಟ್ಟಲಿಲ್ಲ. ಅಕ್ಕ ಹನ್ನೊಂದರಿಂದ ದಂಡೆಯಲ್ಲಿ ಕೂತಿದ್ದರು. ಮಿಸ್ ಕಾಲ್ ಬರುವುದೇ ನಿಂತುಹೋಗಿದ್ದರಿಂದ ಬಾರದಿರುವುದಕ್ಕೆ ಏನು ಅರ್ಥ ಎಂದೂ ತಿಳಿಯುವಂತಿರಲಿಲ್ಲ. ತೇಲುತ್ತಿದ್ದ ದೋಣಿಯನ್ನು ಹೊನ್ನಾವರ ಕಡೆಯ ಒಂದು ಬೋಟು ಕಂಡು ಎಳೆದು ತಂದಾಗ ಸಂಜೆ ಐದು.

ಎರಡು ಬೆರಳೂ ಹೋದವು. ಜಜ್ಜಿದ್ದು ಜೋರೇ, ಆದರೂ ಬೇಗ ಬಂದಿದ್ದರೆ ಒಂದನ್ನಾದರೂ ಉಳಿಸಲು ನೋಡಬಹುದಿತ್ತು ಎಂದು ಡಾಕ್ಟರು ಹೇಳಿದರಂತೆ.

ಈ ಸುದ್ದಿ ತಂದವರು ರಿಗ್ಗರ್ ಭಾಯ್. ಆಸ್ಪತ್ರೆಗೆ ಇಬ್ಬರೂ ಹೋದೆವು. ಅಕ್ಕ ಬಾಗಿಲಲ್ಲೇ ಇದ್ದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಿದ್ದರೆ ಚೆನ್ನಾಗಿತ್ತು.

"ಸೆಟ್ಟು ಬೇರೆ ತಕ್ಕಂಡೆ ತಮ್ಮಾ" ಎಂದರು ಮೆಲ್ಲಗೆ. "ನೀವು ಹೇಳಿದ್ರಲ್ಲಾ, ಸೆಟ್ಟು ಸರಿ ಇಲ್ಲ ಹೇಳಿ. ಹೊಸಾ ಸೆಟ್ಟಿಗೂ ಬರ್ಲಿಲ್ಲ."

ಅಕ್ಕ ಒಳಗೆ ಮಲಗಿದ್ದ ಗಂಡನ ಕಡೆ ತಿರುಗಿದರು.

"ಕೈ ಒಣಗಿದ್ರೆ ಇವ್ರು ಮತ್ತೆ ಹೋಗೂದೇ. ಮನೆಯಲ್ಲಿ ಕೂತು ಎಂತ ತಿನ್ನೂದು? ಈ ಸಲ ಬೆಟ್ಟು ಹೋತು. ಮುಂದಿನ ಸಲ ಎಂತ ಹೋಗ್ತದೆ ಹೇಳಿ."

ಹೊರಗೆ ಬಂದು ಹುಬ್ಬಳ್ಳಿಗೆ ಫೋನು ಮಾಡಿದೆ. ಇಂಜಿನಿಯರ್ ಕೆಟ್ಟ ಮನುಷ್ಯರಲ್ಲ, ಶಾಂತವಾಗಿ ಕೇಳಿಸಿಕೊಂಡು ಶಾಂತವಾಗಿಯೇ ಹೇಳಿದರು.

"ನೋಡ್ರಿ, ನನ್ನ ಮುಂದ ಡೇಟಾ ಐತಿ. ಬಗ್ಗಿಸೋಕಿಂತ ಮೊದಲೂ ಆ ಕಡೆ ಮಾತಾಡಿದ ನಿಮಿಷ ಇಲ್ಲವೇ ಇಲ್ಲ ಅನ್ನಬೇಕು. ಈಗ ಕಡಿದ ಕರೆನೂ ಇಲ್ಲ. ಸಮುದ್ರದಾಗ ಯಾರ್ ಇರ್ತಾರ್ರಿ?"

ಅಲ್ಲಿ ನನಗೆ ಬೆಳಕಾಯಿತು. ಎತ್ತಿ ಮಾತಾಡಿದ ಕರೆಯ ನಿಮಿಷಗಳನ್ನಷ್ಟೇ ಅವರ ಪಟ್ಟಿ ಕೂಡಿಸುತ್ತದೆ. ರಿಂಗಾಗಿ ನಿಂತ ಕರೆಗೆ ಅಲ್ಲಿ ಬೆಲೆಯಿಲ್ಲ. ಇಡೀ ದಂಡೆ ವರ್ಷಾನುಗಟ್ಟಲೆ ಮಿಸ್ ಕಾಲಿನಲ್ಲೇ ಬದುಕಿತ್ತು, ಹಾಗಾಗಿ ಪಟ್ಟಿಯ ಪ್ರಕಾರ ಅಲ್ಲಿ ಮನುಷ್ಯರೇ ಇರಲಿಲ್ಲ. ಇನ್ನು ಬಗ್ಗಿಸಿದ ಮೇಲೆ ದೋಣಿಯ ಫೋನಿನ ದನಿ ಟವರಿಗೆ ಕೇಳಿಸುವುದೇ ಇಲ್ಲ. ಕೇಳಿಸದ ಕರೆ ಕಡಿದ ಲೆಕ್ಕಕ್ಕೂ ಬರುವುದಿಲ್ಲ, ಸೋತ ಲೆಕ್ಕಕ್ಕೂ ಬರುವುದಿಲ್ಲ. ಮೈದುನ ಹೊಡೆದ ಅಷ್ಟೂ ಕರೆಗಳು ನಮ್ಮ ಯಂತ್ರದಲ್ಲಿ ಒಂದು ಚುಕ್ಕೆಯನ್ನೂ ಮೂಡಿಸಿರಲಿಲ್ಲ. ಅವನು ಅಣ್ಣನ ರಕ್ತದ ಕೈ ಹಿಡಿದುಕೊಂಡು ಗುಂಡಿ ಒತ್ತುತ್ತಿದ್ದ ಹೊತ್ತಿನಲ್ಲಿ ಚೌಕ ಹಸಿರಾಗೇ ಇತ್ತು.

"ಸಾರ್, ಪುರಾವೆ ಕೊಡ್ತೇನೆ" ಎಂದೆ.

ಸಿಗ್ನಲ್ ಅಳೆಯಲು ನಾವು ಜೀಪಿನಲ್ಲಿ ಟೆಸ್ಟ್ ಫೋನು, ಲ್ಯಾಪ್‌ಟಾಪು, ಜಿಪಿಎಸ್ ಇಟ್ಟುಕೊಂಡು ರಸ್ತೆ ರಸ್ತೆ ಸುತ್ತುತ್ತೇವೆ. ಅದನ್ನೇ ಅಕ್ಕನ ನೆರೆಮನೆಯವರ ದೋಣಿಗೆ ಹೇರಿದೆ. ಅಕ್ಕನ ಮೈದುನ ದಾರಿ ತೋರಿಸಲು ಬಂದ. ದಂಡೆ ಬಿಟ್ಟು ಅರ್ಧ ಗಂಟೆಗೆ ನನ್ನ ಹೊಟ್ಟೆ ಬಾಯಿಗೆ ಬಂತು. ಡೀಸೆಲ್ ಹೊಗೆ, ಹಳಸಿದ ಮೀನು ನೀರು, ಮೇಲೆ ಬಿಸಿಲು. ಲ್ಯಾಪ್‌ಟಾಪಿಗೆ ಗೋಣಿಚೀಲ ಮುಚ್ಚಿ, ಒಂದು ಕೈಯಲ್ಲಿ ಅದನ್ನು ಹಿಡಿದು ಅಂಚಿನಿಂದಾಚೆ ವಾಂತಿ ಮಾಡಿದೆ. ಮೈದುನ ನಗಲಿಲ್ಲ. "ನೀರು ಕುಡೀರಿ, ಇನ್ನೊಂದ್ಸಲ ಬತ್ತದೆ" ಎಂದ. ಬಂತು.

ನಾಲ್ಕು ಕಿಲೋಮೀಟರ್ ದಾಟುವುದರೊಳಗೆ ಸಿಗ್ನಲಿನ ಗೆರೆ ಕುಸಿದು ನೆಲ ಕಚ್ಚಿತು. ಮುಂದೆ ಬಲೆ ಬಿಡುವ ಜಾಗದವರೆಗೂ ಏನಿಲ್ಲ. ದೂರದಲ್ಲಿ ನಮ್ಮ ಗುಡ್ಡದ ಟವರ್ ಕಡ್ಡಿಯ ಹಾಗೆ ಕಾಣುತ್ತಲೇ ಇತ್ತು. ಕಣ್ಣಿಗೆ ಕಾಣುವ ಟವರಿಗೆ ಫೋನು ಮುಟ್ಟುತ್ತಿಲ್ಲ. ಅಣ್ಣನ ಬೆರಳು ಹೋದದ್ದು ಇಲ್ಲೇ ಎಂದು ಮೈದುನ ತೋರಿಸಿದ. ಅಲ್ಲಿಯೂ ಅಳತೆ ಬರೆದುಕೊಂಡೆ.

ವರದಿ ಕಳಿಸಿದೆ. ಮೂರನೆಯ ದಿನ ಉತ್ತರ ಬಂತು. 'ಅಳತೆಯ ಬಿಂದುಗಳು ರಸ್ತೆಯ ಮೇಲಿಲ್ಲ. ಜಿಪಿಎಸ್ ದೋಷ. ವಾಹನ ಸಂಖ್ಯೆ ನಮೂದಿಸಿಲ್ಲ. ಮರುಪರೀಕ್ಷೆ ಮಾಡಿ.' ಬಿಂದುಗಳು ನೀರಿನಲ್ಲಿ ಬಿದ್ದದ್ದು ಕಂಡು ಅವರ ಸಾಫ್ಟ್‌ವೇರು ಅಷ್ಟನ್ನೂ ತಾನೇ ತಾನಾಗಿ ಅಳಿಸಿ ಹಾಕಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಕೇಳಿದ್ದೆ. ಹಸು ಈದಿದೆ, ಕರು ಇಲ್ಲಿದೆ ಎಂದು ತೋರಿಸಿದರೂ ಅದು ಕರುವಲ್ಲ ಎನ್ನುವವರನ್ನು ಆ ದಿನ ಕಂಡೆ.

ಇಂಜಿನಿಯರಿಗೆ ಮತ್ತೆ ಫೋನು ಮಾಡಿದರೆ, "ನನಗ ನಿಮ್ಮ ಮಾತಿನ ಮ್ಯಾಲ ನಂಬಿಕೆ ಐತ್ರಿ. ಆದ್ರ ನನ್ನ ಮ್ಯಾಲಿನವ್ರಿಗೆ ಸಂಖ್ಯೆ ಬೇಕು. ಆ ಕಡೆ ಟ್ರಾಫಿಕ್, ಅಂದ್ರ ಮಾತಾಡಿದ ನಿಮಿಷ ತೋರ್ಸ್ರಿ, ನಾನೇ ಎತ್ತಿಸ್ತೇನಿ" ಎಂದರು. ಆಂಟೆನಾ ಎತ್ತದೆ ಮಾತು ಬರುವುದಿಲ್ಲ, ಮಾತು ಬಾರದೆ ಆಂಟೆನಾ ಎತ್ತುವುದಿಲ್ಲ. ಹುಚ್ಚು ಬಿಟ್ಟ ಹೊರತು ಮದುವೆಯಾಗುವುದಿಲ್ಲ, ಮದುವೆಯಾಗದ ಹೊರತು ಹುಚ್ಚು ಬಿಡುವುದಿಲ್ಲ ಎನ್ನುತ್ತಾರಲ್ಲ, ಹಾಗಾಯಿತು ನಮ್ಮ ಗತಿ.

ಗಾಯ ಒಣಗುತ್ತಾ ಬಂದಿತ್ತು. ಬರುವ ಸೋಮವಾರ ದೋಣಿ ನೀರಿಗೆ ಇಳಿಯುತ್ತದೆ ಎಂದು ಅಕ್ಕ ಹೇಳಿ ಕಳಿಸಿದ್ದರು. ಆದೇಶವಿಲ್ಲದೆ ಆಂಟೆನಾ ಮುಟ್ಟಿದರೆ ಕೆಲಸ ಹೋಗಬಹುದು. ಇಬ್ಬರು ಮಕ್ಕಳ ಶಾಲೆ, ಹೆಂಡತಿಯ ಮುಖ ಎಲ್ಲ ಕಣ್ಣ ಮುಂದೆ ಬಂದವು. ಒಂದು ಉಪಾಯವೂ ಹೊಳೆಯಿತು. ಎತ್ತಿ ಬಿಡುವುದು, ಎಂಟು ಡಿಗ್ರಿಯ ಹಳೆಯ ಫೋಟೋವನ್ನೇ ಮತ್ತೆ ಮತ್ತೆ ಕಳಿಸುತ್ತಿರುವುದು. ನಮ್ಮಲ್ಲಿ ಹಾಗೆ ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಸುಳ್ಳು ಗುರುತು ಹಾಕಿ ಇಲ್ಲಿಗೆ ಬಂದದ್ದಲ್ಲವೇ? ಇನ್ನೊಂದು ಸುಳ್ಳಿಗೆ ಮನಸ್ಸು ಒಗ್ಗಲಿಲ್ಲ. ಈ ಫೋಟೋವನ್ನು ನಂಬಿ ಮುಂದೊಬ್ಬ ಬಂದು ಇನ್ನೇನೋ ಮಾಡಿದರೆ ಮತ್ತೆ ಯಾರದೋ ಬೆರಳು.

ಭಾನುವಾರ ಬೆಳಿಗ್ಗೆ ರಿಗ್ಗರ್ ಭಾಯ್‌ಗೆ ಹೇಳಿದೆ. "ಆದೇಶ ಇಲ್ಲ ಭಾಯ್. ಹತ್ತೂದು ಬೇಡ ಅಂದ್ರೂ ಸಿಟ್ಟಿಲ್ಲ."

"ಬಗ್ಸಿದ್ದು ನನ್ ಕೈ" ಎಂದು ಅವರು ಬೆಲ್ಟು ಕಟ್ಟಿಕೊಂಡರು. "ಎತ್ತೂಕೆ ಬೇರೆಯವ್ರ ಕೈ ಎಂತಕ್ಕೆ?"

ಸುಮ್ಮನೆ ಹಳೆಯದಕ್ಕೆ ಮರಳಿಸಿದರೆ ಹೊನ್ನಾವರದ ತೊಂದರೆಯೂ ಮರಳುತ್ತಿತ್ತು. ಅದಕ್ಕೆ ಕೋನವನ್ನು ಎರಡಕ್ಕೆ ಎತ್ತಿ, ಆಂಟೆನಾದ ಮುಖವನ್ನೂ ಹದಿನೈದು ಡಿಗ್ರಿ ದಕ್ಷಿಣಕ್ಕೆ ತಿರುಗಿಸಿದೆವು. ದೋಣಿಗಳು ಹೋಗುವುದು ಹೆಚ್ಚು ಆ ಕಡೆಗೇ. ಅವರು ಮೇಲೆ ದಿಕ್ಸೂಚಿ ಹಿಡಿದು ಕೂಗಿದರು, ನಾನು ಕೆಳಗೆ ಬರೆದುಕೊಂಡೆ. ಆಮೇಲೆ ಫಾರಂ ತೆರೆದೆ. ಆದೇಶ ಸಂಖ್ಯೆ ಎಂಬಲ್ಲಿ 'ಇಲ್ಲ, ನನ್ನ ನಿರ್ಧಾರ' ಎಂದು ಬರೆದೆ. ಕಾರಣ ಎಂಬಲ್ಲಿ ಎರಡು ಬೆರಳಿನ ಸಂಗತಿ ಬರೆದೆ. ಸ್ಥಳೀಯರನ್ನು ವಿಚಾರಿಸಲಾಗಿದೆಯೇ ಎಂಬುದಕ್ಕೆ ಮೊದಲ ಸಲ ನಿಜವಾಗಿ ಹೌದು ಎಂದು ಗುರುತು ಹಾಕಿದೆ. ರಿಗ್ಗರ್ ಹೆಸರು ಬರೆಯಲಿಲ್ಲ.

ಅಲ್ಲಿಂದ ನೇರ ದಂಡೆಗೆ ಹೋಗಿ ಅಕ್ಕನನ್ನೂ ಉಳಿದ ಹೆಂಗಸರನ್ನೂ ಕೂರಿಸಿ ಹೇಳಿದೆ. "ನಾಳೆಯಿಂದ ಮಿಸ್ ಕಾಲ್ ಬೇಡ. ದೋಣಿ ಫೋನು ಬಂದ್ರೆ ಎತ್ತಿ, ಎರಡು ಮೂರು ನಿಮಿಷ ಹಾಗೇ ಹಿಡ್ಕಂಡು ಇರಿ. ಒಂದ್ಸಲ, ಎರಡ್ಸಲ, ಮೂರ್ಸಲದ ಲೆಕ್ಕ ಹಾಗೇ ಇರ್ಲಿ, ಎತ್ತೂದು ಮಾತ್ರ ಬಿಡ್ಬೇಡಿ."

"ಗಡಗಡ ಬಿಟ್ಟು ಎಂತದೂ ಕೇಳೂದಿಲ್ಲ, ಎಂತ ಹಿಡ್ಕಂಡಿರೂದು?" ಎಂದು ಒಬ್ಬಳು ನಕ್ಕಳು.

"ಗಡಗಡವೇ ಸಾಕು. ಯಂತ್ರಕ್ಕೆ ಮಾತೂ ಒಂದೇ, ಗಡಗಡವೂ ಒಂದೇ."

ಸೋಮವಾರದಿಂದ ಆ ದಂಡೆಯ ಹದಿನೆಂಟು ದೋಣಿಗಳೂ ಮಾತಾಡಲು ಶುರು ಮಾಡಿದವು. ಎರಡು ವಾರ ನಾನು ದಿನವೂ ನೋಟಿಸಿಗೆ ಕಾಯುತ್ತಿದ್ದೆ. ಕೊನೆಗೆ ಒಂದೇ ದಿನ ಎರಡು ಕಾಗದ ಬಂದವು. ಒಂದರಲ್ಲಿ ಅನುಮತಿಯಿಲ್ಲದೆ ಉಪಕರಣ ಮುಟ್ಟಿದ್ದಕ್ಕೆ ನನಗೆ ಎಚ್ಚರಿಕೆ, ಮತ್ತೊಮ್ಮೆ ಹೀಗಾದರೆ ಕೆಲಸದಿಂದ ವಜಾ. ಇನ್ನೊಂದು ಎಲ್ಲರಿಗೂ ಬಂದದ್ದು. 'ಮಾವಳ್ಳಿ ಬದಿಯ ಟವರಿನ ಪಶ್ಚಿಮ ಭಾಗದಲ್ಲಿ ಉತ್ತಮ ಹೊಸ ಟ್ರಾಫಿಕ್ ಪತ್ತೆಯಾಗಿದೆ. ಈಗಿನ ಕೋನವನ್ನೇ ಉಳಿಸಿಕೊಳ್ಳುವುದು. ಯೋಜನಾ ತಂಡಕ್ಕೆ ಅಭಿನಂದನೆ.' ಕೆಳಗೆ ಹಸಿರು ಚೌಕ. ಪತ್ತೆಯಾಗಿದೆಯಂತೆ! ಅಜ್ಜನ ಕಾಲದಿಂದ ಬಲೆ ಬಿಡುತ್ತಿದ್ದವರನ್ನು ಹುಬ್ಬಳ್ಳಿಯಲ್ಲಿ ಕೂತು ಪತ್ತೆ ಹಚ್ಚಿದ್ದರು. ಗುಂಪಿನಲ್ಲಿ ಹೆಬ್ಬೆರಳುಗಳ ಸಾಲು ಬಂತು. ನಾನು ಹಾಕಲಿಲ್ಲ.

ಮರುದಿನ ದಂಡೆಗೆ ಹೋಗಿ ಅಕ್ಕನಿಗೆ ಸುದ್ದಿ ಹೇಳಿದೆ. ಟವರ್ ಇನ್ನು ಹೀಗೇ ಇರುತ್ತದೆ, ಹೆದರಬೇಡಿ ಎಂದೆ.

"ಆತು ಹಂಗಾರೆ. ಇನ್ನು ಮೊದ್ಲಿನ ಹಂಗೆ ಮಿಸ್ ಕಾಲ್ ಕೊಡೂಕೆ ಹೇಳ್ಲಾ? ದಿನಾ ಈ ಗಡಗಡ ಕೇಳಿ ಕೇಳಿ ತಲೆ ನೋಯ್ತದೆ."

ಬೇಡ ಎನ್ನಬೇಕಾಯಿತು. ನೀವು ಎತ್ತುವುದು ನಿಲ್ಲಿಸಿದರೆ ಪಟ್ಟಿ ಮತ್ತೆ ಖಾಲಿಯಾಗುತ್ತದೆ, ಮತ್ತೊಬ್ಬ ಇಂಜಿನಿಯರ್ ಬಂದು ಮತ್ತೆ ಬಗ್ಗಿಸು ಎನ್ನುತ್ತಾನೆ ಎಂದು ತಲೆ ತಗ್ಗಿಸಿಕೊಂಡು ವಿವರಿಸಿದೆ. ಅಷ್ಟರಲ್ಲಿ ಅವರ ಫೋನು ರಿಂಗಾಯಿತು. ಗಂಡನದು. ಎತ್ತಿ, ಒಂದು ಕ್ಷಣ ಕೇಳಿ, ನನ್ನ ಕಿವಿಗೆ ಹಿಡಿದರು. ಇಂಜಿನ್ನಿನ ಗಡಗಡ ಬಿಟ್ಟರೆ ಬೇರೇನೂ ಇಲ್ಲ.

"ಅವತ್ತು ನನ್ ಮೈದುನ ಎಷ್ಟ್ ಸಲ ಹೊಡೆದ್ನೋ, ನಿಮ್ ಆಫೀಸಿಗೆ ಕೇಳ್ಲಿಲ್ಲ" ಎಂದರು ಅಕ್ಕ. "ಇದು ಕೇಳ್ತದಲ್ಲಾ?"

ಕೇಳುತ್ತದೆ ಎಂದೆ. ಅವರು ಫೋನನ್ನು ಕಡಿಯದೆ ಖಾಲಿ ಬುಟ್ಟಿಯೊಳಗೆ ಇಟ್ಟು, ಅದು ಅಲ್ಲೇ ಗಡಗಡ ಎನ್ನುತ್ತಿರುವಾಗ ಐಸಿನ ಗಡ್ಡೆಗೆ ಅಂಟಿದ ಮರದ ಹೊಟ್ಟು ಕೊಡವಲು ಹೋದರು.